ದೀಪ ಹಚ್ಚಿದ ಮೇಲಿನ ಹೊತ್ತು

ದೂರದರ್ಶನ ಬಂದು ನಮ್ಮವರ ಓದನ್ನು ಕೆಡಿಸಿತೆಂಬ ಮಾತು ಈಗ ಎಷ್ಟು ಸವೆದುಹೋಗಿದೆಯೆಂದರೆ, ಅದನ್ನು ಯಾರಾದರೂ ಆಡಿದಾಗ ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ನಮ್ಮಲ್ಲಿ ಉತ್ಸಾಹ ಉಳಿದಿಲ್ಲ. ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ವಾರಕ್ಕೊಮ್ಮೆಯಾದರೂ ಅದು ನನ್ನ ಕಿವಿಗೆ ಬೀಳುತ್ತದೆ. ಆಡುವವರು ಸಾಮಾನ್ಯವಾಗಿ ಸಂಜೆ ಮನೆಗೆ ಹೋಗಿ ಅದರ ಮುಂದೆಯೇ ಕುಳಿತುಕೊಳ್ಳುವ ಮಹನೀಯರು. ಇರಲಿ. ಆ ಮಾತಿನ ಬೆನ್ನಿಗೆ ಒಂದು ಇತಿಹಾಸವುಂಟು. ಅದನ್ನು ನಾವು ವಿಚಾರಿಸಿದ್ದು ಕಡಿಮೆ. ಕೆಟ್ಟುಹೋಯಿತೆನ್ನುವ ಆ ಓದು ಯಾವುದು? ಅದು ನಮ್ಮ ಸೀಮೆಗೆ ಎಂದು ಬಂತು? ದಿನದ ಯಾವ ಹೊತ್ತಿನಲ್ಲಿ, ಯಾರ ನಡುವೆ ನಡೆಯುತ್ತಿತ್ತು? ಇಷ್ಟನ್ನು ತಿಳಿಯದೆ, ದೂರದರ್ಶನವನ್ನು ಬಿಟ್ಟು ಪುಸ್ತಕ ಹಿಡಿಯುತ್ತೇನೆಂದು ಹೊರಟವನ ಪುಸ್ತಕ ಎರಡನೆಯ ವಾರಕ್ಕೇ ಕೈಜಾರಿದರೆ ಆಶ್ಚರ್ಯವಿಲ್ಲ.

ನಾನು ಇದನ್ನು ಕೆದಕಿದ್ದು ಪಾಂಡಿತ್ಯದ ಆಸೆಯಿಂದಲ್ಲ. ಬಿಜೈಯಲ್ಲಿ, ವಸ್ತುಸಂಗ್ರಹಾಲಯಕ್ಕೂ ಬಸ್ ನಿಲ್ದಾಣಕ್ಕೂ ಹೆಚ್ಚು ದೂರವಲ್ಲದ ಒಂದು ಓಣಿಯಲ್ಲಿ ನಮ್ಮ ಮನೆ. ಕೇಬಲನ್ನು ತೆಗೆಸಿ ಸಂಜೆಯ ಹೊತ್ತನ್ನು ಓದಿಗೆ ಕೊಡೋಣವೆಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡೆವು. ಎಂಟನೆಯ ತರಗತಿಯ ಮಗಳು ಮುಖ ಸಣ್ಣದು ಮಾಡಿಕೊಂಡಳಾದರೂ ತಕರಾರು ಎತ್ತಲಿಲ್ಲ. ಎತ್ತಿದವರು ಅಮ್ಮ. "ಓದುವವರು ಓದಿ, ಮಗಾ, ನಾನು ಬೇಡವೆನ್ನುವುದಿಲ್ಲ. ನನ್ನ ಕಣ್ಣಿಗೆ ಅಕ್ಷರ ಹತ್ತುವುದಿಲ್ಲ. ನೀವೆಲ್ಲ ಹೋದ ಮೇಲೆ ಈ ಮನೆಯಲ್ಲಿ ನನ್ನ ಹತ್ತಿರ ಮಾತಾಡುವುದು ಅದೊಂದೇ" ಎಂದರು. ಅಮ್ಮನಿಗೆ ಎಪ್ಪತ್ತು ದಾಟಿದೆ. ಎರಡು ಕಣ್ಣಿನ ಶಸ್ತ್ರಚಿಕಿತ್ಸೆಯೂ ಆಗಿದೆ. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಓದು ಒಳ್ಳೆಯದು, ನೋಟ ಕೆಟ್ಟದ್ದು ಎಂಬ ನಮ್ಮ ವಿದ್ಯಾವಂತರ ಲೆಕ್ಕದಲ್ಲಿ ಇಂಥವರಿಗೆ ಸ್ಥಳವೇ ಇಲ್ಲ. ಉತ್ತರವನ್ನು ಹುಡುಕುತ್ತ ಹೋದಂತೆ ತಿಳಿಯಿತು, ನಮ್ಮ ಹಿಂದಿನವರ ಲೆಕ್ಕದಲ್ಲಿ ಇಂಥವರಿಗೇ ಮೊದಲ ಮಣೆ ಇತ್ತು ಎಂದು.

ಕನ್ನಡ ನಾಡಿನ ಜನ ಗುರಿಯಿಟ್ಟು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೊಗಳಿದೆ. ಪರೀಕ್ಷೆಯಲ್ಲಿ ನಮ್ಮ ವಿದ್ಯಾರ್ಥಿಗಳು ಇದನ್ನು ಬರೆಯದೆ ಬಿಡುವುದಿಲ್ಲ. ತಮಗೂ ಅನ್ವಯಿಸುತ್ತದೆಂದು ನಂಬಿದ್ದಾರೋ ಏನೋ! ಆದರೆ ಓದದೆ ಕಾವ್ಯ ಬರುವುದು ಹೇಗೆ? ಕಿವಿಯಿಂದ. ನಮ್ಮ ಕರಾವಳಿಯ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಊಟಕ್ಕೆ ಎಲೆ ಹಾಕುವವರೆಗೆ ಒಂದೆರಡು ಗಂಟೆಯ ಹೊತ್ತುಂಟು. ಗದ್ದೆಯ ಕೆಲಸ ಮುಗಿದಿರುತ್ತದೆ, ನಿದ್ದೆ ಇನ್ನೂ ಬಂದಿರುವುದಿಲ್ಲ. ಆಟಿ ತಿಂಗಳ ಮಳೆಯಲ್ಲಂತೂ ಹೊರಗೆ ಕಾಲಿಡುವ ಹಾಗೇ ಇಲ್ಲ. ಆ ಹೊತ್ತಿನಲ್ಲಿ ಚಾವಡಿಯಲ್ಲಿ ಒಬ್ಬರು ಗದುಗಿನ ಭಾರತವನ್ನೋ ಜೈಮಿನಿಯನ್ನೋ ತೊರವೆ ರಾಮಾಯಣವನ್ನೋ ರಾಗವಾಗಿ ಓದುವರು. ಇನ್ನೊಬ್ಬರು ಅರ್ಥ ಹೇಳುವರು. ಉಳಿದವರು ಬತ್ತಿ ಹೊಸೆಯುತ್ತಲೋ ಅಡಿಕೆ ಕತ್ತರಿಸುತ್ತಲೋ ಕೇಳುವರು. ಹತ್ತು ಜನರಿಗೆ ಒಂದು ಪುಸ್ತಕ, ಒಂದು ದೀಪ, ಒಂದು ಜೊತೆ ಕಣ್ಣು ಸಾಕಿತ್ತು. ಅಕ್ಷರ ಬಾರದ ಅಜ್ಜಿ ನಡುವೆ ಬಾಯಿ ಹಾಕಿ ಓದಿದವನ ತಪ್ಪನ್ನು ತಿದ್ದುತ್ತಿದ್ದುದುಂಟು. ಏಕೆಂದರೆ ಆಕೆ ಆ ಸಂಧಿಯನ್ನು ಅವನಿಗಿಂತ ಮೂವತ್ತು ಮಳೆಗಾಲ ಹೆಚ್ಚು ಕೇಳಿದವಳು.

ತಾಳಮದ್ದಳೆಯೂ ಇದೇ ಬಳ್ಳಿಯ ಹೂವು. ಬಣ್ಣವಿಲ್ಲ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ವಾದ ಹೂಡುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿಯೋ ರಾವಣನಾಗಿಯೋ ಬಾಯಿ ತೆರೆದರೆ ಎಷ್ಟು ಪುರಾಣಗಳ ಓದು ಹೊರಬರುತ್ತಿತ್ತೆಂಬುದನ್ನು ಕೇಳಿದವರು ಬಲ್ಲರು. ಒಬ್ಬ ಓದಿದ್ದು ಸಾವಿರ ಜನರ ಪಾಲಾಗುವ ಕ್ರಮವದು. ನಮ್ಮ ಬಿಜೈಯ ಕ್ರೈಸ್ತ ಮನೆಗಳಲ್ಲಿ ಅದೇ ಹೊತ್ತಿಗೆ ತೇರ್ಸ್ ನಡೆಯುತ್ತಿತ್ತು, ಈಗಲೂ ಹಲವೆಡೆ ನಡೆಯುತ್ತದೆ. ಪ್ರಾರ್ಥನೆಯೂ ಓದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಮನೆಯವರೆಲ್ಲ ಒಂದೆಡೆ ಕುಳಿತು ಒಂದು ಧ್ವನಿಗೆ ಕಿವಿಗೊಡುವ ಹೊತ್ತು ಎಲ್ಲ ಮತದವರ ಮನೆಯಲ್ಲೂ ಇತ್ತೆಂಬುದಷ್ಟೇ ನನಗೆ ಬೇಕಾದ ಸಂಗತಿ.

ಇಂಥ ಸೀಮೆಗೆ ಅಚ್ಚು ಬಂತು. ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ. ಮುಂದಿನ ವರ್ಷವೇ ಅದು ಬಳ್ಳಾರಿಗೆ ಹೋಯಿತು. ಪತ್ರಿಕೆಗಳಿಗೆ ಅಲ್ಪಾಯುಸ್ಸು ಅಂದಿನಿಂದಲೇ ಬಂದ ಜಾತಕ. ಇದಕ್ಕಿಂತ ನನ್ನ ಮನಸ್ಸನ್ನು ಸೆಳೆಯುವುದು ಅದೇ ಮೋಗ್ಲಿಂಗ್ 1848ರಿಂದ 1853ರವರೆಗೆ ಮಂಗಳೂರಿನಲ್ಲಿ ಅಚ್ಚುಹಾಕಿಸಿದ 'ಬಿಬ್ಲಿಯೋಥಿಕಾ ಕರ್ಣಾಟಿಕಾ' ಮಾಲೆ. ಪಾದ್ರಿಯಾಗಿ ಬಂದವನು ಕನ್ನಡಿಗರಿಗಾಗಿ ಆರಿಸಿದ ಪುಸ್ತಕಗಳಾದರೂ ಯಾವುವು? ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು! ಜನ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡದ್ದನ್ನೇ ಅವನು ಹಾಳೆಗೆ ಇಳಿಸಿದ. ಅಂದರೆ ಅಚ್ಚು ಇಲ್ಲಿ ಕೇಳುವ ಓದಿನ ಎದುರಾಳಿಯಾಗಿ ಬರಲಿಲ್ಲ. ಅದರ ಗುಮಾಸ್ತನಾಗಿ ಬಂತು. ಅದೇ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಿದ್ದಾಗ ಕನ್ನಡದ ಮೌನ ಓದುಗ, ಪುಸ್ತಕವನ್ನು ಮೇಜಿನ ಮೇಲಿಟ್ಟು ಒಬ್ಬನೇ ಕುಳಿತುಕೊಳ್ಳುವವನು, ಸಿದ್ಧನಾಗತೊಡಗಿದ್ದನೆನ್ನಬಹುದು.

ಪತ್ರಿಕೆಯಂತೂ ಬಹಳ ಕಾಲ ಗಟ್ಟಿಯಾಗಿ ಓದುವ ವಸ್ತುವೇ ಆಗಿತ್ತು. ಅಂಗಡಿಯ ಜಗಲಿಯಲ್ಲಿ ಒಬ್ಬ ಓದಿದರೆ ಹತ್ತು ಜನ ಕೇಳುವರು. ನಮ್ಮ ನೆರೆಯ ಕಣ್ಣೂರಿನ ಬೀಡಿ ಶಾಲೆಗಳಲ್ಲಿ ಒಬ್ಬ ಕೆಲಸಗಾರ ಪತ್ರಿಕೆ ಓದುತ್ತಿದ್ದ, ಉಳಿದವರು ಬೀಡಿ ಕಟ್ಟುತ್ತ ಕೇಳುತ್ತಿದ್ದರು, ಓದಿದವನ ಪಾಲಿನ ಬೀಡಿಯನ್ನು ಎಲ್ಲರೂ ಸೇರಿ ತುಂಬಿಕೊಡುತ್ತಿದ್ದರು. ಓದುವುದಕ್ಕೆ ಕೂಲಿ ಕೊಟ್ಟ ಜನ! ಕನ್ನಡದ ಅಧ್ಯಾಪಕನಾಗಿ ಈ ಸಂಗತಿಯನ್ನು ನಾನು ಸ್ವಲ್ಪ ಅಸೂಯೆಯಿಂದಲೇ ನೆನೆಯುತ್ತೇನೆ.

ಒಬ್ಬೊಬ್ಬರೇ ಕುಳಿತು ಓದುವ ರೂಢಿ ಮಧ್ಯಮವರ್ಗದ ಮನೆಗಳಲ್ಲಿ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಅದೂ ತಾನಾಗಿ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ವೆಂಬ ಮೂರು ಸಂಪುಟಗಳ ವಿಶ್ವಕೋಶವನ್ನು ಒಬ್ಬರೇ ಬರೆದರು. ಮಂಜೇಶ್ವರದಲ್ಲಿ ಗೋವಿಂದ ಪೈಗಳು ಹಲವು ಭಾಷೆಗಳ ಗ್ರಂಥಗಳನ್ನು ಮನೆತುಂಬ ಕೂಡಿಟ್ಟರು. 1963ರಲ್ಲಿ ಅವರು ತೀರಿಕೊಂಡ ಮೇಲೆ ಆ ಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು. 1938ರಲ್ಲಿ ಹುಟ್ಟಿದ 'ರಾಕ್ಣೊ' ವಾರಪತ್ರಿಕೆ ಕನ್ನಡ ಲಿಪಿಯ ಕೊಂಕಣಿಯನ್ನು ಕ್ರೈಸ್ತ ಕುಟುಂಬಗಳಿಗೆ ತಲಪಿಸಿತು. ಆಮೇಲೆ 1956ರಲ್ಲಿ 'ಕಸ್ತೂರಿ', 1965ರಲ್ಲಿ 'ಸುಧಾ', ನಮ್ಮ ಮಣಿಪಾಲದಿಂದಲೇ 1983ರಲ್ಲಿ 'ತರಂಗ'.

ವಾರಪತ್ರಿಕೆಯ ಧಾರಾವಾಹಿ ಕಾದಂಬರಿಯ ವಿಚಾರದಲ್ಲಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಅಮ್ಮನ ತಲೆಮಾರಿನ ಹೆಂಗಸರು ಓದುಗರಾದದ್ದು ಮುಖ್ಯವಾಗಿ ಅದರಿಂದ. ಪತ್ರಿಕೆ ಬರುವ ದಿನ ಅಡಿಗೆ ಸ್ವಲ್ಪ ತಡವಾಗುತ್ತಿತ್ತು. ಒಂದು ಪ್ರತಿ ನಾಲ್ಕು ಮನೆ ಸುತ್ತುತ್ತಿತ್ತು. ಈ ವಾರ ನಾಯಕಿಯ ಗತಿ ಏನಾಯಿತೆಂದು ಬಾವಿಕಟ್ಟೆಯಲ್ಲಿ ವಿಚಾರಣೆ ನಡೆಯುತ್ತಿತ್ತು, ಮುಂದಿನ ವಾರದವರೆಗೆ ಊಹೆ ಬೆಳೆಯುತ್ತಿತ್ತು. ಒಬ್ಬೊಬ್ಬರೇ ಓದಿದರೂ ಎಲ್ಲರೂ ಒಂದನ್ನೇ ಓದುತ್ತಿದ್ದರಾದ್ದರಿಂದ ಅದು ಒಂಟಿ ಓದಾಗಿರಲಿಲ್ಲ. ದೂರದರ್ಶನದ ಧಾರಾವಾಹಿ ಹೆಸರನ್ನೂ ಹಂಚಿಕೆಯನ್ನೂ ವಾರಪತ್ರಿಕೆಯಿಂದಲೇ ಕಡ ತಂದಿತು. ಅಮ್ಮನಂಥವರನ್ನು ಸುಲಭವಾಗಿ ಗೆದ್ದುದರ ಗುಟ್ಟೂ ಅದೇ ಇರಬೇಕು.

ಇನ್ನು ಗ್ರಂಥಾಲಯ. ನಮ್ಮ ಊರಿಗೂ ಗ್ರಂಥಾಲಯ ಶಾಸ್ತ್ರಕ್ಕೂ ಒಂದು ನಂಟಿದೆ; ಊರವರಿಗೇ ಅದರ ನೆನಪು ಕಡಿಮೆ. ಭಾರತದ ಗ್ರಂಥಾಲಯ ಚಳವಳಿಯ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ 1917ರಲ್ಲಿ ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿಗೆ, ಗಣಿತದ ಅಧ್ಯಾಪಕರಾಗಿ. ಅದೇ ಇಂದಿನ ವಿಶ್ವವಿದ್ಯಾನಿಲಯ ಕಾಲೇಜು, ಹಂಪನಕಟ್ಟೆಯದು. 1924ರಲ್ಲಿ ಅವರನ್ನು ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರನ್ನಾಗಿ ಮಾಡಿದಾಗ ಪುಸ್ತಕಗಳ ನಡುವಿನ ಏಕಾಂತ ತಡೆಯಲಾರದೆ, ತನ್ನನ್ನು ಪಾಠ ಹೇಳುವ ಕೆಲಸಕ್ಕೇ ಮರಳಿಸಿರೆಂದು ಅವರು ಬೇಡಿಕೊಂಡರಂತೆ! ಇಂಗ್ಲೆಂಡಿಗೆ ಹೋಗಿ ಅಲ್ಲಿಯ ಗ್ರಂಥಾಲಯಗಳನ್ನು ನೋಡಿ ಬಾ, ಆಮೇಲೂ ಬೇಡವೆನಿಸಿದರೆ ಮರಳಬಹುದು ಎಂದು ಹಿರಿಯರು ಸಮಾಧಾನ ಹೇಳಿ ಕಳುಹಿಸಿದರು. ಹೋದವರು ಬೇರೆ ಮನುಷ್ಯನಾಗಿ ಬಂದರು. ಅಲ್ಲಿ ಅವರು ಕಂಡದ್ದು ಪುಸ್ತಕದ ರಾಶಿಗಿಂತ ಹೆಚ್ಚಾಗಿ ಜನರನ್ನು, ಮಕ್ಕಳು ಮುದುಕರು ಕಾರ್ಮಿಕರೆನ್ನದೆ ಒಳಗೆ ಬಂದು ಹೋಗುವವರನ್ನು. 1931ರಲ್ಲಿ ಪ್ರಕಟವಾದ ಅವರ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕವಿರುವುದು ಬಳಕೆಗೆ ಎಂಬುದು. ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕೆಂಬುದು. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯವೊಂದು ಹಳ್ಳಿಗಳತ್ತ ಹೊರಟಾಗ ಅದನ್ನು ಉದ್ಘಾಟಿಸಿದವರೂ ಅವರೇ.

ಅವರ ದುಡಿಮೆಯಿಂದ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಸ್ವತಂತ್ರ ಭಾರತದಲ್ಲಿ ಇಂಥದು ಅದೇ ಮೊದಲು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿದ್ದರಿಂದ, ಮೈಸೂರಿನವರಿಗಿಂತ ಮೊದಲೇ ಈ ಕಾಯಿದೆ ನಮಗೆ ದಕ್ಕಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1965ರಲ್ಲಿ ಇಲ್ಲಿಯದೇ ಕಾಯಿದೆ ಆಯಿತು. ಅದರ ಪ್ರಕಾರ ಮನೆ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಕೊಡಬೇಕು. ಇಂದು ಅದು ತೆರಿಗೆಯ ಮೇಲೆ ನೂರಕ್ಕೆ 6. ವಾಚಕರು ತಮ್ಮ ರಸೀತಿಯನ್ನು ಒಮ್ಮೆ ತೆಗೆದು ನೋಡಬೇಕು. ಕೇಬಲ್ಲಿನವನು ತಿಂಗಳು ತುಂಬುವ ಮೊದಲೇ ಹಣ ಕೇಳುತ್ತಾನೆ, ನಾವು ಕೊಟ್ಟು ದಿನವೂ ನೋಡುತ್ತೇವೆ. ಗ್ರಂಥಾಲಯಕ್ಕೂ ವರ್ಷ ವರ್ಷ ಕೊಡುತ್ತೇವೆ, ಆದರೆ ಅದರ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ? ಪುಸ್ತಕಕ್ಕೆ ಬೆಲೆ ಹೆಚ್ಚಾಯಿತೆಂದು ಗೊಣಗುವವರ ಎದುರು ನಾನು ಈಗ ಇದನ್ನೇ ಹೇಳುತ್ತೇನೆ. ಬಲ್ಮಠದ ಅತ್ರಿ ಬುಕ್ ಸೆಂಟರ್ 1975ರಿಂದ ಮೂವತ್ತೇಳು ವರ್ಷ ನಡೆದು 2012ರಲ್ಲಿ ಬಾಗಿಲು ಹಾಕಿದಾಗ ಮರುಗಿದವರಲ್ಲಿ ಅಲ್ಲಿ ಪುಸ್ತಕ ಕೊಂಡವರು ಎಷ್ಟೋ, ಕೊಳ್ಳದವರೂ ಅಷ್ಟೇ ಇದ್ದಿರಬೇಕು.

ದೂರದರ್ಶನ ಬಂದ ಬಗೆಯನ್ನು ನೋಡೋಣ. ಅದೂ ಮೊದಲು ಹತ್ತು ಜನ ಕೂಡಿ ನೋಡುವ ವಸ್ತುವಾಗಿಯೇ ಬಂತು. ದಿಲ್ಲಿಯಲ್ಲಿ ಪ್ರಯೋಗ ಆರಂಭವಾದದ್ದು 1959ರ ಸೆಪ್ಟೆಂಬರ್ 15ರಂದು. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲಪಿಸಿದಾಗ ನಮ್ಮಲ್ಲಿ ಆ ಭಾಗ್ಯ ದೊರೆತದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಬೆಂಗಳೂರಿಗಿಂತ ಮೊದಲು ಅಲ್ಲಿಯ ರೈತರು ಸಾರ್ವಜನಿಕ ಸ್ಥಳದಲ್ಲಿಟ್ಟ ಪೆಟ್ಟಿಗೆಯ ಮುಂದೆ ಕುಳಿತು ನೋಡಿದರು. ಮಂಗಳೂರಿಗೆ 1976ರಲ್ಲಿ ಆಕಾಶವಾಣಿ ನಿಲಯ ಬಂತು. ಬೆಂಗಳೂರಿನ ದೂರದರ್ಶನ ಕೇಂದ್ರ 1981ರದು. 1987ರ ಜನವರಿ 25ರಿಂದ ಭಾನುವಾರ ಬೆಳಿಗ್ಗೆ 'ರಾಮಾಯಣ' ಶುರುವಾದಾಗ ನಾನು ಚಿಕ್ಕ ಹುಡುಗ. ನಮ್ಮ ಓಣಿಯಲ್ಲಿ ಪೆಟ್ಟಿಗೆ ಇದ್ದುದು ಒಂದೇ ಮನೆಯಲ್ಲಿ. ಅದರ ಹಂಚಿನ ಮಾಡಿನ ಮೇಲೆ ಆಂಟೆನಾ, ಜಗಲಿಯ ಕೆಳಗೆ ನಲವತ್ತು ಜೊತೆ ಚಪ್ಪಲಿ, ಒಳಗೆ ಪೆಟ್ಟಿಗೆಗೆ ಮಲ್ಲಿಗೆ ಹಾರ. ಹಿಂದಿ ಬಾರದವರಿಗೆ ಒಬ್ಬರು ಅರ್ಥ ಹೇಳುತ್ತಿದ್ದರು. ಚಾವಡಿಯ ಪುರಾಣವಾಚನ ಗಾಜಿನ ಪೆಟ್ಟಿಗೆಯನ್ನು ಹೊಕ್ಕು ಕುಳಿತಿತ್ತು, ಅಷ್ಟೇ. ಹಿಂದಿನ ವರ್ಷ, 1986ರಲ್ಲಿ, ಶಂಕರ್ ನಾಗ್ ನಮ್ಮ ಘಟ್ಟದ ಮೇಲಿನ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಬಂದಿತ್ತು. ಅದನ್ನು ನೋಡಿ ಆರ್. ಕೆ. ನಾರಾಯಣರ ಪುಸ್ತಕವನ್ನು ಹುಡುಕಿಕೊಂಡು ಹೋದವರಲ್ಲಿ ನಾನೂ ಒಬ್ಬ. ಪೆಟ್ಟಿಗೆಯನ್ನು ಸಾರಾಸಗಟಾಗಿ ಶಪಿಸಲು ನನಗೆ ಬಾಯಿ ಬಾರದಿರುವುದಕ್ಕೆ ಇದೂ ಒಂದು ಕಾರಣ.

ಕೆಡುಕು ನಡೆದದ್ದು ಆಮೇಲೆ, ಸದ್ದಿಲ್ಲದೆ. ನಲವತ್ತು ಜನ ಕೂಡುತ್ತಿದ್ದ ಮನೆಗೆ ಯಾರೂ ಹೋಗಬೇಕಾಗಲಿಲ್ಲ, ಮನೆ ಮನೆಗೂ ಪೆಟ್ಟಿಗೆ ಬಂತು. 1994ರಲ್ಲಿ 'ಉದಯ' ಬಂದ ಮೇಲೆ ಕನ್ನಡದಲ್ಲೇ ವಾಹಿನಿಗಳು ಒಂದರ ಹಿಂದೆ ಒಂದಾಗಿ ಬಂದವು. ಮುಂದಿನ ವಾರದವರೆಗೆ ಕಾಯುವ ಕೆಲಸ ತಪ್ಪಿ ದಿನವೂ ಒಂದು ಕಂತಾಯಿತು. ಬಳಿಕ ಕೋಣೆಗೊಂದು ಪೆಟ್ಟಿಗೆ, ಕಡೆಗೆ ಅಂಗೈಗೊಂದು. ಈಗ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಕಡೆ ನಾಲ್ಕನ್ನು ನೋಡುತ್ತಾರೆ. ಆದುದರಿಂದ ನಾವು ಕಳೆದುಕೊಂಡದ್ದು ಪುಸ್ತಕವನ್ನು ಮಾತ್ರವೆಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ದೀಪ ಹಚ್ಚಿದ ಮೇಲಿನ ಆ ಹೊತ್ತೇ ಹೋಯಿತು. ಪೆಟ್ಟಿಗೆಯನ್ನು ಆರಿಸಿ ನಾಲ್ವರೂ ನಾಲ್ಕು ಮೂಲೆಯಲ್ಲಿ ನಾಲ್ಕು ಪುಸ್ತಕ ಹಿಡಿದು ಕುಳಿತರೂ ಅಮ್ಮನ ಪಾಲಿಗೆ ಮನೆ ಮೊದಲಿನಷ್ಟೇ ನಿಶ್ಶಬ್ದ.

ದೂರದ ಒಂದು ದೇಶ ಈ ಹೊತ್ತನ್ನು ಕಾಯಲು ಯತ್ನಿಸಿದ ಕಥೆ ಸ್ವಾರಸ್ಯವಾಗಿದೆ. ಐಸ್‌ಲೆಂಡಿನಲ್ಲಿ ಸರಕಾರಿ ದೂರದರ್ಶನ 1966ರಲ್ಲಿ ಶುರುವಾಯಿತು. ಆದರೆ ಗುರುವಾರ ಪ್ರಸಾರವಿಲ್ಲ! 1987ರವರೆಗೂ ಅದೇ ನಿಯಮ. 1983ರವರೆಗೆ ಜುಲೈ ತಿಂಗಳಿಡೀ ರಜೆ. ಹಿಂದಿನ ಕಾಲದಲ್ಲಿ ಆ ದೇಶದ ರೈತರ ಮನೆಗಳಲ್ಲಿ ಚಳಿಗಾಲದ ಸಂಜೆ ಒಬ್ಬ ಹಳೆಯ ವೀರಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಉಣ್ಣೆ ನೂಲುತ್ತ ಕೇಳುತ್ತಿದ್ದರು. ಅವರ ಉಣ್ಣೆಗೂ ನಮ್ಮ ಹತ್ತಿಯ ಬತ್ತಿಗೂ ಎಷ್ಟು ಯೋಜನ ದೂರ!

ಹತ್ತಿರದ ದೃಷ್ಟಾಂತವೂ ಉಂಟು. ನಮ್ಮ ಬೆಳಗಾವಿ, ವಿಜಯಪುರಗಳಿಗೆ ತಾಗಿದ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. 2022ರ ಆಗಸ್ಟ್ 15ರಿಂದ ಅಲ್ಲಿ ಸಂಜೆ 7ಕ್ಕೆ ದೇವಸ್ಥಾನದಿಂದ ಸೈರನ್ ಕೂಗುವ ಕ್ರಮ ಶುರುವಾಯಿತು. ಕೂಗಿದೊಡನೆ ಊರವರು ದೂರದರ್ಶನವನ್ನೂ ಮೊಬೈಲನ್ನೂ ಬದಿಗಿಡಬೇಕು. ಎಂಟೂವರೆಗೆ ಮತ್ತೆ ಕೂಗಿದ ಮೇಲೆ ಬಿಡುಗಡೆ. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಗೆ ಹೋದ ಮೊಬೈಲು ಶಾಲೆ ತೆರೆದ ಮೇಲೂ ಕೈಬಿಡದಿದ್ದುದೇ ಇದಕ್ಕೆ ಮೂಲ. ಅವರು ವರ್ಜಿಸಿದ್ದು ಯಂತ್ರವನ್ನಲ್ಲ, ಒಂದೂವರೆ ಗಂಟೆಯಷ್ಟನ್ನು ಅದರಿಂದ ಬಿಡಿಸಿಕೊಂಡರು, ಅದೂ ಒಬ್ಬೊಬ್ಬರಾಗಿ ಅಲ್ಲ, ಊರೇ ಕೂಡಿ. ನನಗೆ ಈ ವಿವೇಕ ಹಿಡಿಸಿತು.

ನಮ್ಮ ಮನೆಯಲ್ಲಿ ಕೊನೆಗೆ ಆದ ರಾಜಿಯೂ ಇದೇ ಜಾತಿಯದು. ಪೆಟ್ಟಿಗೆ ಅಮ್ಮನ ಕೋಣೆಯಲ್ಲೇ ಇದೆ. ಮಧ್ಯಾಹ್ನ ಅವರ ಧಾರಾವಾಹಿ ನಡೆಯುತ್ತದೆ, ಅದನ್ನು ಬಿಡಲು ಅವರು ಸಿದ್ಧರಿಲ್ಲ, ಬಿಡಬೇಕೆಂದು ನಾವೂ ಕೇಳುವುದಿಲ್ಲ. ಸಂಜೆ ಏಳರಿಂದ ಎಂಟೂವರೆವರೆಗೆ ಎಲ್ಲ ಯಂತ್ರಗಳಿಗೂ ವಿರಾಮ. ಆಗ ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು. ಪುಸ್ತಕ ಗ್ರಂಥಾಲಯದ್ದು. ಮೊದಲ ವಾರಗಳು ಕಷ್ಟದವು. ಮಗಳಿಗೆ ಗಟ್ಟಿಯಾಗಿ ಓದಲು ನಾಚಿಕೆ. ಉದ್ದ ವಾಕ್ಯದ ನಡುವೆ ಉಸಿರು ಎಲ್ಲಿ ಎಳೆಯಬೇಕೆಂದು ಅವಳಿಗೆ ಶಾಲೆಯಲ್ಲಿ ಯಾರೂ ಕಲಿಸಿಲ್ಲ. ನಾನು ಓದಿದರೆ ತರಗತಿಯ ಪಾಠದಂತಾಗುತ್ತದೆಂದು ಹೆಂಡತಿಯ ಆಕ್ಷೇಪ. ಹೆಂಡತಿಗೆ ಅಡಿಗೆಯ ಅವಸರ. ತರಕಾರಿಯ ತಟ್ಟೆ ಚಾವಡಿಗೇ ಬಂದ ಮೇಲೆ ಅದು ಸರಿಹೋಯಿತು.

ಈ ಮಳೆಗಾಲದಲ್ಲಿ ಕಾರಂತರ 'ಮರಳಿ ಮಣ್ಣಿಗೆ' ನಡೆಯುತ್ತಿದೆ. ದಿನಕ್ಕೆ ಹತ್ತು ಪುಟವೂ ಸಾಗುವುದಿಲ್ಲ. ಏಕೆಂದರೆ ಅಮ್ಮ ನಿಲ್ಲಿಸುತ್ತಾರೆ. ಸಮುದ್ರದ ಬದಿಯ ಮನೆಯೊಳಗೆ ಹೆಂಗಸರು ಮಾಡುವ ಕೆಲಸಗಳ ವರ್ಣನೆ ಬಂದರೆ, ತಮ್ಮ ತವರಿನಲ್ಲಿ ಅದು ಹೇಗೆ ನಡೆಯುತ್ತಿತ್ತೆಂದು ಹೇಳತೊಡಗುತ್ತಾರೆ. ಉಪ್ಪುನೀರು ನುಗ್ಗಿದ ಗದ್ದೆಯ ಸಂಗತಿ, ಹದಿನಾಲ್ಕು ವರ್ಷಕ್ಕೆ ವಿಧವೆಯಾದ ಅವರ ದೊಡ್ಡತ್ತೆಯ ಸಂಗತಿ, ಇವೆಲ್ಲ ನಲವತ್ತು ವರ್ಷದಿಂದ ಅವರ ಜೊತೆಗಿರುವ ನನಗೂ ಹೊಸವು. ಪುಸ್ತಕ ಮಡಿಲಲ್ಲಿ ತೆರೆದೇ ಇರುತ್ತದೆ, ಮೊಮ್ಮಗಳು ಅಜ್ಜಿಯ ಬಾಯನ್ನೇ ನೋಡುತ್ತಾಳೆ. ಹಳೆಯ ವಾಚನದಲ್ಲಿ ಅರ್ಥ ಹೇಳುವವರಿಗೆ ಬೇರೆ ಆಸನ ಏಕಿತ್ತೆಂದು ಈಗ ನನಗೆ ತಿಳಿಯುತ್ತದೆ.

ಮೊನ್ನೆ ರಾಮ ಐತಾಳರು ಎರಡನೆಯ ಮದುವೆಗೆ ಹೊರಡುವ ಭಾಗ ಬಂತು. ಓದುತ್ತಿದ್ದವಳು ಮಗಳು. ಗಂಟೆ ಇನ್ನೂ ಎಂಟು. ಅರ್ಧ ಗಂಟೆ ಬಾಕಿಯಿತ್ತು. ಅಮ್ಮ ಕೈಯೆತ್ತಿ ನಿಲ್ಲಿಸಿದರು. "ಇವತ್ತಿಗೆ ಆ ಮನುಷ್ಯನ ಸುದ್ದಿ ಸಾಕು. ಮುಚ್ಚಿಡು. ಪಾರೋತಿ ಏನು ಮಾಡುತ್ತಾಳೆ, ನಾಳೆ ನೋಡುವ."